ನೀಲಿ ಗಾಡಿ ಬಿಚ್ಚಿದ್ದು ಯಾಕೆಂದರೆ

ಭಾನುವಾರ, ಮಧ್ಯಾಹ್ನ

ನನ್ನ ಮುದ್ದು ಮಗಳೇ,

ಈ ಕಾಗದ ಕೈಗೆ ಸಿಗುವಾಗ ನೀನೂ ಅಳಿಯನೂ ನೆಮ್ಮದಿಯಾಗಿದ್ದೀರಿ ಎಂದುಕೊಂಡೇ ಬರೆಯುತ್ತಿದ್ದೇನೆ.

ನೀನು ಫೋನಿಗೆ ಕಳಿಸಿದ ಮಾತನ್ನು ಕೇಳಿದೆ. ಮತ್ತೆ ಮತ್ತೆ ಕೇಳಿದೆ. ಹಳೆ ಪಿಕಪ್ ಗಾಡಿಗಳ ನಮ್ಮ ತುಕ್ಕು ಬಳಗದ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹಾಕಿದ ಫೋಟೋ ನೋಡಿದೆಯಂತೆ. ಬಾನೆಟ್ ಇಲ್ಲ, ಇಂಜಿನ್ ಇಲ್ಲ, ಚಕ್ರ ಕಳಚಿ ಇಟ್ಟಿಗೆಗಳ ಮೇಲೆ ಕೂರಿಸಿದ ನೀಲಿ ಗಾಡಿ. ಕೆಳಗೆ, ಇದರ ಭಾಗಗಳು ಯಾರಿಗೆ ಬೇಕು ಅಂತ ಒಂದು ಸಾಲು. "ಅದು ನನ್ನ ಗಾಡಿ. ನನಗೆ ಕೊಡ್ತೀನಿ ಅಂತ ಅಪ್ಪ ಹೇಳಿಲ್ವಾ? ಒಂದು ಮಾತು ಕೇಳೋಕಾಗಲಿಲ್ವಾ ನಿಮಗೆ?" ಅಂದಿದ್ದೀಯ. ಅದರ ಮುಂದೆ ಅಪ್ಪನ ಬಗ್ಗೆ ಇನ್ನೂ ಒಂದು ಮಾತು ಅಂದಿದ್ದೀಯ. ಅದನ್ನು ಅವರಿಗೆ ಕೇಳಿಸಿಲ್ಲ. ಸಿಟ್ಟಿನಲ್ಲಿ ಬಂದ ಮಾತು ಅದು, ನನ್ನ ಹೊಟ್ಟೆಯಲ್ಲೇ ಇರಲಿ.

ಫೋನು ಮಾಡಿ ಹೇಳಬಹುದಿತ್ತು. ಮಾಡಿದರೆ ಎರಡನೇ ಮಾತಿಗೇ ಫೋನು ಇಟ್ಟುಬಿಡುತ್ತೇನೆ, ನೀನು ಗಾಬರಿಯಾಗುತ್ತೀಯ. ಕಾಗದವಾದರೆ ನಿಲ್ಲಿಸಿ ಬರೆಯಬಹುದು, ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು ಬರೆಯಬಹುದು. ಅಪ್ಪ ಒಳಗೆ ಮಲಗಿದ್ದಾರೆ. ನಾನು ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಯಾರೂ ಯಾರಿಗೂ ಮೋಸ ಮಾಡಿಲ್ಲ. ಅಪ್ಪನಿಗೂ ಬಳಗದವರಿಗೂ ಜಗಳ ಆಗಿಲ್ಲ. ಗಾಡಿ ಬಿಚ್ಚಿಸಿದ್ದು ಅಪ್ಪನೇ.

ನಿನಗೆ ಆ ಗಾಡಿ ಎಷ್ಟು ಬೇಕಾದದ್ದು ಅಂತ ನನಗೆ ಗೊತ್ತಿಲ್ಲವೇ? ಗುಜರಿಯವನ ಹಿತ್ತಲಿನಿಂದ ಎಳೆದು ತಂದ ದಿನ ಅದರ ಸೀಟಿನ ಕೆಳಗೆ ಕೋಳಿ ಮೊಟ್ಟೆ ಇಟ್ಟಿತ್ತು. ಕೋಳಿ ಇಳಿಯಲು ಒಪ್ಪಲಿಲ್ಲ, ನೀನೂ ಇಳಿಯಲು ಒಪ್ಪಲಿಲ್ಲ. ಹಿಂದಿನ ಹಲಗೆಗಳು ಗೆದ್ದಲು ಹಿಡಿದು, ಬಾಗಿಲು ತುಕ್ಕು ತಿಂದು, ಕೈಯಿಟ್ಟರೆ ಬಿಸ್ಕತ್ತಿನಂತೆ ಪುಡಿಯಾಗುತ್ತಿತ್ತು. ನಾನು ತಲೆ ಮೇಲೆ ಕೈ ಹೊತ್ತು ಕೂತರೆ ಅಪ್ಪ ಅದರ ಬಾನೆಟ್ ಸವರಿ, ಮೂಗು ಎಷ್ಟು ಚೆನ್ನಾಗಿದೆ ನೋಡು ಅಂದಿದ್ದರು. ಆಮೇಲೆ ಪ್ರತಿ ರಜೆಯಲ್ಲೂ ನೀನು ಅವರ ಪಕ್ಕ ಕುಕ್ಕರಗಾಲಲ್ಲಿ ಕೂತು, ಯಾವ ಪಾನಾ ಕೇಳಿದರೂ ಅರ್ಧ ಇಂಚಿನದೇ ಕೊಡುತ್ತಿದ್ದೆ. ಅದಕ್ಕೇ ಅವರು ನಿನ್ನನ್ನು ಅರ್ಧಿಂಚು ಅಂತ ಕರೆದದ್ದು. ಈಗಲೂ ನನ್ನ ಹತ್ತಿರ ಮಾತಾಡುವಾಗ ಅರ್ಧಿಂಚು ಫೋನ್ ಮಾಡಿತ್ತಾ ಅಂತಲೇ ಕೇಳುವುದು.

ಕಳೆದ ವರ್ಷ ಅಪ್ಪ ಲಿಫ್ಟ್ ರಿಪೇರಿ ಕೆಲಸ ಬಿಟ್ಟದ್ದು ಬೇಜಾರಾಗಿ ಅಂತ ನಿನಗೆ ಹೇಳಿದ್ದೆವು. ಬೇಜಾರಲ್ಲ. ಕಂಪನಿಯವರು ಇನ್ನು ಮೇಲೆ ಲಿಫ್ಟಿನ ಗುಂಡಿಗೆ ಇಳಿಯಬೇಡ ಅಂದರು. ಕೆಲಸದ ನಡುವೆ ಅವರ ಕೈಯಿಂದ ಪಾನಾ ಜಾರಿ, ಮೇಲಿನ ಅಂತಸ್ತಿನಿಂದ ತಳಕ್ಕೆ ಬಿದ್ದಿತ್ತು. ಕೆಳಗೆ ಯಾರೂ ಇರಲಿಲ್ಲ. ಎಣ್ಣೆ ಕೈ, ಜಾರಿತು ಅಂದರು ಅಪ್ಪ. ನಾನೂ ನಂಬಿದೆ. ಆಮೇಲೆ ಬೆಳಿಗ್ಗೆ ಶರ್ಟಿನ ಗುಂಡಿ ಹಾಕಿಕೊಳ್ಳುವಾಗ ಬೆರಳುಗಳು ತಾವಾಗಿಯೇ ಕುಣಿಯುವುದನ್ನು ಕಂಡೆ. ಪಿಯಾನೋ ನುಡಿಸುತ್ತಿದ್ದೇನೆ ಅಂದರು, ಇಬ್ಬರೂ ನಕ್ಕೆವು. ಕಾಫಿ ಬಿಟ್ಟರು. ಬೆರಳು ಕುಣಿತ ಬಿಡಲಿಲ್ಲ. ಒಂದೊಂದು ಸಲ ಭುಜ ಹಾರುತ್ತಿತ್ತು, ಹಿಂದಿನಿಂದ ಯಾರೋ ಮುಟ್ಟಿದಂತೆ.

ಬೇರೆಯವರ ಕೈ ನಡುಗಿದರೆ ಒಂದು ಕಪ್ಪು ಒಡೆದೀತು. ಇವರ ಕೈ ಎಂಥದ್ದು ಅಂತ ನೀನೇ ನೋಡಿದ್ದೀಯ. ಬಳಗದ ಅಷ್ಟೂ ಹಳೆ ಪಿಕಪ್‌ಗಳ ಕಾರ್ಬುರೇಟರು ಬಿಚ್ಚಿ ತೊಳೆದು ಕೂಡಿಸಿದ್ದು ಆ ಕೈ. ನಮ್ಮ ಬೇಕರಿ ಚಿಕ್ಕಪ್ಪನ ಕೆನೆಬಣ್ಣದ ಗಾಡಿ ದಿನಾ ಬೆಳಿಗ್ಗೆ ಬ್ರೆಡ್ಡು ಹೊತ್ತು ಹೊರಡುವುದು ಆ ಕೈಯಿಂದ. ನಿನಗೆ ಗಣಿತ ಹೇಳಿಕೊಟ್ಟ ಟೀಚರಮ್ಮನ ಹಸಿರು ಗಾಡಿ ಇಷ್ಟು ವಯಸ್ಸಾದರೂ ಕೆಮ್ಮದೆ ಓಡಿದ್ದು ಆ ಕೈಯಿಂದ. ಅಂಥ ಕೈಯೇ ಕೈ ಕೊಟ್ಟಿತು.

ಒಂದು ದಿನ ಬೇಕರಿ ಚಿಕ್ಕಪ್ಪ ನನ್ನ ಕನ್ನಡಕದ ಅಂಗಡಿಗೆ ಬಂದರು. ಕಡ್ಡಿ ಸಡಿಲವಾಗಿದೆ ಅಂದರು. ನೋಡಿದರೆ ಕಡ್ಡಿ ಗಟ್ಟಿಯಾಗಿಯೇ ಇತ್ತು. ಗಿರಾಕಿಗಳು ಹೋಗುವ ತನಕ ಗೋಡೆಯ ಮೇಲಿನ ಫ್ರೇಮುಗಳನ್ನು ನೋಡುತ್ತ ನಿಂತರು. ಆಮೇಲೆ, ಅತ್ತಿಗೆ, ಬೇಜಾರು ಮಾಡ್ಕೋಬೇಡಿ ಅಂತ ಶುರು ಮಾಡಿ, ಅಣ್ಣ ಮುಟ್ಟಿದ ಗಾಡಿಗಳಲ್ಲಿ ನಟ್ಟುಗಳು ಸಡಿಲ ಸಿಗುತ್ತಿವೆ ಅಂದರು. ಒಂದು ಸಲ ಅವರ ಗಾಡಿಯ ಪೆಟ್ರೋಲ್ ಪೈಪು ದಾರಿಯಲ್ಲೇ ಕಳಚಿತ್ತಂತೆ. ಬೆಂಕಿ ಹತ್ತದೆ ಇದ್ದದ್ದು ಪುಣ್ಯ. ಅಷ್ಟು ಹೇಳಿ ಅವರು ಅತ್ತರು ಮಗಳೇ. ಹಿಟ್ಟು ಮೆತ್ತಿದ ತೋಳಿನಿಂದ ಕಣ್ಣೊರೆಸಿಕೊಂಡು, ಅವರ ಎದುರು ಈ ಮಾತು ಹೇಳುವ ಬಾಯಿ ನನಗಿಲ್ಲ ಅಂದರು.

ಹಾಗಾಗಿ ಒಂದು ಉಪಾಯ ಮಾಡಿದೆವು. ನಾವು ಅಂದರೆ ಚಿಕ್ಕಪ್ಪ, ಸೀಟು ಹೊಲಿಯುವ ಮಾವ, ಟೀಚರಮ್ಮ ಮತ್ತು ನಾನು. ಭಾನುವಾರ ಬೇಕರಿಯ ಹಿಂದಿನ ಷೆಡ್ಡಿನಲ್ಲಿ ಅಪ್ಪ ಎಂದಿನಂತೆ ಕೆಲಸ ಮಾಡುವುದು. ಕೆಲಸ ಮುಗಿದ ಮೇಲೆ ಚಿಕ್ಕಪ್ಪ ಅವರನ್ನು ಚಹಾಕ್ಕೆ ಮುಂದಿನ ಅಂಗಡಿಗೆ ಕರೆದುಕೊಂಡು ಹೋಗುವುದು. ಟೀಚರಮ್ಮ ಏನಾದರೂ ವಾದ ತೆಗೆದು ಅವರನ್ನು ಅಲ್ಲೇ ಕೂರಿಸುವುದು. ಟೀಚರಮ್ಮ ವಾದ ತೆಗೆದರೆ ಎದ್ದು ಬರಲು ಯಾರಿಂದ ಸಾಧ್ಯ? ಅಷ್ಟರಲ್ಲಿ ಸೀಟ್ ಮಾವ ಮತ್ತು ನಾನು ಅಪ್ಪ ಮುಟ್ಟಿದ್ದನ್ನೆಲ್ಲ ಮತ್ತೆ ಬಿಗಿ ಮಾಡುವುದು. ದೊಡ್ಡ ನಟ್ಟುಗಳು ಮಾವನ ಪಾಲು. ಕಾರ್ಬುರೇಟರಿನ ಸಣ್ಣ ಸ್ಕ್ರೂಗಳು ನನ್ನ ಪಾಲು. ದಿನವಿಡೀ ಕನ್ನಡಕದ ಸ್ಕ್ರೂ ತಿರುಗಿಸುವವಳಲ್ಲವೇ, ಅಂಗಡಿಯ ಪುಟ್ಟ ಸ್ಕ್ರೂಡ್ರೈವರನ್ನೇ ಚೀಲದಲ್ಲಿ ಹಾಕಿಕೊಂಡು ಹೋಗುತ್ತಿದ್ದೆ. ಮಾವ, ಗಂಡ ಕಟ್ಟಿದ ಮನೆಗೆ ಹೆಂಡತಿ ಗಾರೆ ಹಾಕೋದು ಲೋಕರೂಢಿ ತಂಗೀ, ಯೋಚನೆ ಮಾಡಬೇಡ ಅನ್ನುತ್ತಿದ್ದರು. ನಗಿಸಲು ಹೇಳುತ್ತಿದ್ದರು. ಕೆಲವು ಸಲ ನಗುತ್ತಿದ್ದೆ.

ಆ ದಿನಗಳಲ್ಲೇ ನೀಲಿ ಗಾಡಿಯ ಇಂಜಿನ್ ಮೊದಲ ಸಲ ಶುರುವಾಯಿತು. ನಿನಗೆ ವಿಡಿಯೋ ಕಳಿಸಿದ್ದರಲ್ಲ, ಹೊಗೆಯ ನಡುವೆ ಅಪ್ಪ ಎರಡೂ ಕೈ ಎತ್ತಿ ನಿಂತದ್ದು, ಹಿಂದೆ ಎಲ್ಲರೂ ಚಪ್ಪಾಳೆ ತಟ್ಟಿದ್ದು. ನೀನು ಅದನ್ನು ನೋಡಿ ಬಸ್ಸಿನಲ್ಲೇ ಅತ್ತೆ ಅಂದಿದ್ದೆ. ಅವತ್ತು ಅಲ್ಲಿದ್ದವರಲ್ಲಿ ಅದು ಹೇಗೆ ಶುರುವಾಯಿತು ಅಂತ ಗೊತ್ತಿಲ್ಲದವರು ಅಪ್ಪ ಒಬ್ಬರೇ.

ಡಾಕ್ಟರ ಹತ್ತಿರ ಹೋಗಲು ಅವರು ಒಪ್ಪಿದ್ದು ಅದಾದ ಮೇಲೆ. ನರಗಳ ಡಾಕ್ಟರು. ನಮ್ಮ ವಯಸ್ಸಿನ ಹೆಂಗಸು, ಮೆತ್ತಗೆ ಮಾತಾಡುವವರು. ನಡೆಯಿರಿ ಅಂದರು, ನಾಲಿಗೆ ಹೊರಗೆ ಹಾಕಿ ಹಾಗೇ ಇಟ್ಟುಕೊಳ್ಳಿ ಅಂದರು. ಅಪ್ಪನಿಗೆ ನಾಲಿಗೆಯನ್ನು ಹೊರಗೆ ನಿಲ್ಲಿಸಲಾಗಲಿಲ್ಲ, ಅದು ಒಳಗೆ ಓಡುತ್ತಿತ್ತು. ರಕ್ತ ತೆಗೆದುಕೊಂಡರು. ಮತ್ತೆ ಕರೆಸಿ, ಬಾಗಿಲು ಹಾಕಿಕೊಂಡು ಹೇಳಿದರು. ಮಿದುಳಿನಿಂದಲೇ ಬಂದ ಕಾಯಿಲೆ. ಇದಕ್ಕೊಂದು ಉದ್ದದ ಹೆಸರಿದೆ. ಈಗ ಕೈ, ಆಮೇಲೆ ಕಾಲು, ಆಮೇಲೆ ಮಾತು, ನುಂಗುವುದು, ನೆನಪು, ಸ್ವಭಾವ. ಕುಣಿತ ಕಮ್ಮಿ ಮಾಡಲು ಗುಳಿಗೆ ಇದೆ, ಕಾಯಿಲೆ ನಿಲ್ಲಿಸಲು ಏನೂ ಇಲ್ಲ. ಅಪ್ಪ ಎಲ್ಲ ಕೇಳಿ, ಇಂಜಿನ್ ಸರಿಯಿದೆ, ವೈರಿಂಗ್ ಹೋಗಿದೆ ಅನ್ನಿ ಅಂದರು. ಡಾಕ್ಟರು ನಗಲಿಲ್ಲ. ಹೌದು, ಸುಮಾರು ಹಾಗೇ ಅಂದರು.

ನಿನಗೆ ಆಗಲೇ ಹೇಳಬೇಕಿತ್ತು. ಅಪ್ಪ ಬೇಡ ಅಂದರು. ನಾನೂ ನಾಳೆ ನಾಳೆ ಅಂದುಕೊಂಡೆ. ಈಗ ಹೇಳಿದ್ದೇನೆ. ಒಂದು ನಿಮಿಷ ಕಾಗದ ಕೆಳಗಿಟ್ಟು ನೀರು ಕುಡಿದು ಬಾ.

ಆಮೇಲೂ ಅವರು ಷೆಡ್ಡಿಗೆ ಹೋಗುವುದು ಬಿಡಲಿಲ್ಲ, ನಾವೂ ನಮ್ಮ ನಾಟಕ ಬಿಡಲಿಲ್ಲ. ಒಂದು ಭಾನುವಾರ ನಾನು ಬೇಕರಿ ಗಾಡಿಯ ಇಂಜಿನ್ ಮೇಲೆ ಬಗ್ಗಿದ್ದೆ. ಮಾವ ಕೆಳಗೆ ಮಲಗಿದ್ದರು, ಅವರ ಕಾಲು ಮಾತ್ರ ಕಾಣುತ್ತಿತ್ತು. ಅಪ್ಪ ಕನ್ನಡಕ ಮರೆತಿದ್ದರಂತೆ, ಚಹಾದ ನಡುವೆ ಎದ್ದು ಬಂದಿದ್ದರು. ಬಾಗಿಲಲ್ಲಿ ನಿಂತದ್ದು ಎಷ್ಟು ಹೊತ್ತೋ. ಬೆಳಕಿಗೆ ಯಾರೋ ಅಡ್ಡವಾದ ಹಾಗಾಗಿ ತಲೆಯೆತ್ತಿದೆ.

ಅವರು ನನ್ನ ಮುಖ ನೋಡಲಿಲ್ಲ. ನನ್ನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ನೋಡಿದರು.

"ಮೊದಲಿಂದಲೂನಾ?" ಅಂದರು.

ನಾನು ಸ್ಕ್ರೂಡ್ರೈವರ್ ಕೆಳಗಿಟ್ಟೆ. ಕೆಳಗಿನಿಂದ ಮಾವ ಏನೋ ತಮಾಷೆ ಹೇಳಲು ಹೋಗಿ ಅರ್ಧಕ್ಕೇ ನಿಲ್ಲಿಸಿದರು. ಅಪ್ಪ ಹತ್ತಿರ ಬಂದು ಬಾನೆಟ್ಟಿಗೆ ಒರಗಿ ನಿಂತರು.

"ಮುಗಿಸು. ಅರ್ಧಕ್ಕೆ ಬಿಡಬಾರದು."

ನಾನು ಮುಗಿಸಿದೆ. ಅವರು ನೋಡುತ್ತಲೇ ಇದ್ದರು. ಕೊನೆಯ ಸ್ಕ್ರೂ ಆದ ಮೇಲೆ, ಅದನ್ನು ಕಾಲು ಸುತ್ತು ಹಿಂದಕ್ಕೆ ತಿರುಗಿಸು, ಉಸಿರು ಕಟ್ಟುತ್ತೆ ಅದಕ್ಕೆ ಅಂದರು. ತಿರುಗಿಸಿದೆ. ಸರಿಯಾಯಿತು ಅಂತ ಹೇಳಿ ಕನ್ನಡಕ ತೆಗೆದುಕೊಂಡು ಮನೆಗೆ ನಡೆದು ಹೋದರು. ಮನೆಯಲ್ಲಿ ಒಂದೇ ಪ್ರಶ್ನೆ ಕೇಳಿದರು, ನೀಲಿ ಗಾಡಿಯನ್ನೂ ಹೀಗೇ ಮಾಡಿದಿರಾ ಅಂತ. ನಾನು ತರಕಾರಿ ಹೆಚ್ಚುತ್ತಿದ್ದೆ. ಹೆಚ್ಚುತ್ತಲೇ ಇದ್ದೆ. ಅದೇ ಉತ್ತರವಾಯಿತು.

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬೈಯಲಿಲ್ಲ. ಮಾರನೆಯ ಭಾನುವಾರ ಷೆಡ್ಡಿಗೆ ಹೋಗಿ ಎಲ್ಲರಿಗೂ, ನಿಮ್ಮ ಮೇಲೆ ಸಿಟ್ಟಿಲ್ಲ ಅಂದರು. ಆದರೆ ಒಂದೇ ಒಂದು ಕೆಲಸ ನನಗೆ ಕೊಡಿ, ಕಡೆಯದು, ಹಿಂದಿನಿಂದ ಯಾರೂ ಮುಟ್ಟಬಾರದು ಅಂದರು. ಟೀಚರಮ್ಮನ ಗಾಡಿಗೆ ಹೊಸ ಬ್ರೇಕ್ ಪೈಪು ಹಾಕಬೇಕಿತ್ತು. ಅದನ್ನೇ ಕೇಳಿದರು. ಬೇಕರಿ ಚಿಕ್ಕಪ್ಪನ ಮುಖ ಬಿಳಿಚಿಕೊಂಡಿತು. ಅಣ್ಣ, ಬೇರೆ ಏನಾದ್ರೂ ಮಾಡಿ, ಬ್ರೇಕ್ ಬೇಡ ಅಂದರು. ಅಪ್ಪ ನೆಲ ನೋಡಿದರು. ಆಗ ಟೀಚರಮ್ಮ ಅಂದದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

"ಗಾಡಿ ನನ್ನದು. ಜೀವಮಾನ ಪೂರ್ತಿ ಕಂಡವರ ಲೆಕ್ಕಕ್ಕೆಲ್ಲ ಕೆಂಪು ಶಾಯಿ ಹಾಕಿದೀನಿ. ಇದೊಂದು ಲೆಕ್ಕ ಯಾರೂ ತಿದ್ದೋದು ಬೇಡ."

ಅಪ್ಪ ಆ ಕೆಲಸವನ್ನು ಇಡೀ ದಿನ ಮಾಡಿದರು. ಭುಜ ಹಾರಿದಾಗ ನಿಲ್ಲಿಸುವುದು, ಕೈಯನ್ನು ತೊಡೆಯ ಕೆಳಗೆ ಒತ್ತಿ ಇಟ್ಟುಕೊಳ್ಳುವುದು, ಮತ್ತೆ ಶುರು ಮಾಡುವುದು. ಕಡೆಯಲ್ಲಿ ಪೆಡಲ್ ಒತ್ತಲು ನನ್ನನ್ನು ಕೂರಿಸಿದರು. ಕಲ್ಲಿನಂತೆ ಗಟ್ಟಿಯಾಗಿತ್ತು, ಹಾಗೇ ಹೇಳಿದೆ. ಅವರ ಮುಖದಲ್ಲಿ ಬಂದ ಸಮಾಧಾನ ನೋಡಿ ನನ್ನ ಹೊಟ್ಟೆಯೂ ತಣ್ಣಗಾಯಿತು. ಟೀಚರಮ್ಮ ಗಾಡಿ ಏರಿ ಬೀದಿಯ ಕೊನೆಯವರೆಗೆ ಹೋಗಿ ಬಂದು, ನೂರಕ್ಕೆ ನೂರು ಅಂದರು.

ಕೆಲವು ದಿನ ಆ ಗಾಡಿ ಚೆನ್ನಾಗಿಯೇ ಓಡಿತು. ನಾವೆಲ್ಲ ಒಳಗೊಳಗೇ, ನೋಡು, ಸುಮ್ಮನೆ ಹೆದರಿದೆವು ಅಂದುಕೊಳ್ಳತೊಡಗಿದ್ದೆವು. ಒಂದು ಬೆಳಿಗ್ಗೆ ಗ್ರಂಥಾಲಯದಿಂದ ಇಳಿಜಾರಿನಲ್ಲಿ ಬರುವಾಗ ಟೀಚರಮ್ಮ ಒತ್ತಿದ ಪೆಡಲ್ ತಳಕ್ಕೆ ಹೋಯಿತು. ಕೆಳಗೆ ರಸ್ತೆ ದಾಟುವ ಜಾಗದಲ್ಲಿ ಜನ ನಿಂತಿದ್ದರಂತೆ. ಅವರನ್ನು ಉಳಿಸಲು ಗಾಡಿಯನ್ನು ಪಕ್ಕದ ಕಲ್ಲಿನ ಗೋಡೆಗೆ ತಿರುಗಿಸಿದರು. ಆ ಜನರಿಗೆ ಏನೂ ಆಗಲಿಲ್ಲ, ಟೀಚರಮ್ಮನ ಸೊಂಟದ ಮೂಳೆ ಮುರಿಯಿತು. ಹಸಿರು ಗಾಡಿಯ ಮುಂಭಾಗ ಅಪ್ಪಚ್ಚಿಯಾಯಿತು.

ಅಪ್ಪ ಹೋಗಿ ಗಾಡಿಯ ಕೆಳಗೆ ಮಲಗಿ ನೋಡಿದರು. ಪೈಪಿನ ಒಂದು ನಟ್ಟು ಎಳೆ ತಪ್ಪಿ ಓರೆಯಾಗಿ ಕೂತಿತ್ತು. ಅಷ್ಟು ದಿನ ಹೇಗೋ ಹಿಡಿದುಕೊಂಡು, ಅಲುಗಾಡಿ ಅಲುಗಾಡಿ ಕಳಚಿಕೊಂಡಿತ್ತು. ಹೊಸದಾಗಿ ಕೆಲಸ ಕಲಿಯುವವರು ಮಾಡುವ ತಪ್ಪು. ಅವರು ಅಲ್ಲೇ ನಿಂತಿದ್ದ ಪೊಲೀಸಿನವರ ಹತ್ತಿರ ಹೋಗಿ, ಇದು ನಾನು ಮಾಡಿದ್ದು, ಬರೆದುಕೊಳ್ಳಿ ಅಂದರು. ಹೇಳುವಾಗ ಕೈ, ಭುಜ, ಕುತ್ತಿಗೆ ಎಲ್ಲ ಕುಣಿಯುತ್ತಿದ್ದವು. ಆ ಮನುಷ್ಯ ಅವರ ಬಾಯಿ ಮೂಸಿ ನೋಡಿ, ಬೆಳಿಗ್ಗೆ ಬೆಳಿಗ್ಗೆನೇ ಹಾಕ್ಕೊಂಡಿದೀರಾ, ಮನೆಗೆ ಹೋಗಿ ಮಲಗಿ ಅಂದನಂತೆ. ಆಸ್ಪತ್ರೆಯಲ್ಲಿ ಟೀಚರಮ್ಮ ಎಲ್ಲರಿಗೂ, ನನ್ನ ಕಾಲು ಜಾರಿತು, ವಯಸ್ಸಾಯಿತು ಅಂತಲೇ ಹೇಳಿದ್ದರು. ತಪ್ಪು ಒಪ್ಪಿಕೊಳ್ಳುತ್ತೇನೆ ಅಂದರೂ ಕೇಳಿಸಿಕೊಳ್ಳುವವರಿಲ್ಲ. ಅಪ್ಪ ಅವರ ಹಾಸಿಗೆಯ ಪಕ್ಕ ಕೂತರು. ಹೊರಡುವಾಗ ಟೀಚರಮ್ಮ ಇವರ ಕೈ ಹಿಡಿದುಕೊಂಡರು, ಗಟ್ಟಿಯಾಗಿ, ಅದು ಅಲುಗಾಡದಂತೆ. ಅದನ್ನು ನೋಡಲಾರದೆ ನಾನು ಹೊರಗೆ ಬಂದೆ.

ನೀಲಿ ಗಾಡಿ ಬಿಚ್ಚಿದ್ದು ಇದಾದ ಮೇಲಿನ ಭಾನುವಾರ. ಎರಡೂ ಗಾಡಿ ಒಂದೇ ಕಾರ್ಖಾನೆಯಲ್ಲಿ ಹುಟ್ಟಿದ ಅಕ್ಕ ತಂಗಿಯರು. ಇದರ ಬಾನೆಟ್, ಇಂಜಿನ್, ರೇಡಿಯೇಟರ್, ಮುಂದಿನ ಆಕ್ಸಲ್, ಸ್ಪ್ರಿಂಗ್ ಪಟ್ಟಿಗಳು ಎಲ್ಲ ಅದಕ್ಕೆ ಕೂರುತ್ತವೆ. ಇನ್ನು ಇಂಥ ಭಾಗಗಳು ದುಡ್ಡು ಕೊಟ್ಟರೂ ಎಲ್ಲೂ ಸಿಗುವುದಿಲ್ಲ. ಟೀಚರಮ್ಮ ಎದ್ದು ಬರುವಷ್ಟರಲ್ಲಿ ಹಸಿರು ಗಾಡಿ ನಿಂತಿರಬೇಕು ಅಂತ ಅಪ್ಪ ಹಟ ಹಿಡಿದರು. ಯಾರಿಗೂ ಇಷ್ಟವಿರಲಿಲ್ಲ. ಸೀಟ್ ಮಾವನಂತೂ, ತಾವೇ ಹೊಲಿದಿದ್ದ ಸೀಟನ್ನು ಎತ್ತುವಾಗ, ತೊಟ್ಟಿಲಿನಿಂದ ಮಗು ಎತ್ತಿ ಕೆಳಗಿಟ್ಟ ಹಾಗಾಗ್ತಿದೆ ಅಂತ ಹೊರಗೆ ಹೋಗಿ ನಿಂತರು. ಅಪ್ಪ ಏನನ್ನೂ ಮುಟ್ಟಲಿಲ್ಲ. ಎರಡೂ ಕೈ ಪ್ಯಾಂಟಿನ ಜೇಬಿನೊಳಗೆ ತುರುಕಿಕೊಂಡು, ಮೊದಲು ಇದು, ಆಮೇಲೆ ಅದು, ಆ ಬೋಲ್ಟು ಹಟಮಾರಿ, ಅದಕ್ಕೆ ಎಣ್ಣೆ ಬಿಟ್ಟು ಕಾಯಿರಿ ಅಂತ ಹೇಳುತ್ತ ನಿಂತರು. ಕಣ್ಣು ಮುಚ್ಚಿದರೂ ಆ ಗಾಡಿಯ ಒಂದೊಂದು ಮೊಳೆ ಅವರಿಗೆ ಗೊತ್ತು. ಹೇಳುವಾಗ ದನಿ ನಡುಗಲಿಲ್ಲ. ನಾನು ಕಳಚಿದ ನಟ್ಟುಗಳನ್ನು ಡಬ್ಬಿಗೆ ಹಾಕುತ್ತಿದ್ದೆ.

ಇಂಜಿನನ್ನು ಸರಪಳಿ ಕಟ್ಟಿ ಎತ್ತುವ ಮೊದಲು ನನಗೆ ತಡೆಯಲಾಗಲಿಲ್ಲ. "ರೀ, ಇದು ಮಗಳಿಗೆ ಅಂತ ಇಟ್ಟಿದ್ದಲ್ವಾ?" ಅಂದೆ.

"ನನ್ನದು ಯಾವುದೂ ಅವಳಿಗೆ ಹೋಗೋದು ಬೇಡ," ಅಂದರು.

ಇದನ್ನು ನಿನಗೆ ಬರೆಯುವುದೋ ಬೇಡವೋ ಅಂತ ಬಹಳ ಯೋಚಿಸಿದೆ. ಓದಿ ನಿನ್ನ ಎದೆ ಉರಿಯುತ್ತದೆ, ಗೊತ್ತು. ಆದರೆ ಸಿಟ್ಟಿನಿಂದ ಆಡಿದ ಮಾತಲ್ಲ ಅದು. ನಾನು ಪಕ್ಕದಲ್ಲೇ ಇದ್ದೆ. ಅಷ್ಟು ಪ್ರೀತಿಯಿಂದ ಅವರು ಯಾವತ್ತೂ ನಿನ್ನ ಮಾತೆತ್ತಿದ್ದು ನಾನು ಕೇಳಿಲ್ಲ.

ಇಷ್ಟಾದರೂ ಉಪಯೋಗವಾಯಿತೇ ಅಂದರೆ, ಇಲ್ಲ. ನೀಲಿಯದನ್ನೆಲ್ಲ ತಂದು ಹಸಿರಿಗೆ ಹೊಂದಿಸಲು ಹೋದಾಗ, ಹಸಿರಿನ ಚಾಸಿಯೇ, ಅಂದರೆ ಗಾಡಿಯ ಬೆನ್ನೆಲುಬೇ, ಸೊಟ್ಟಗಾಗಿದೆ ಅಂತ ತಿಳಿಯಿತು. ನೀಲಿಯ ಚಾಸಿ ಹಾಕೋಣ ಅಂದರೆ ಅದರ ಹಿಂಭಾಗ ಒಳಗಿನಿಂದ ತುಕ್ಕು ಹಿಡಿದಿತ್ತು. ಮೇಲೆ ಬಣ್ಣ ಚೆನ್ನಾಗಿದ್ದರಿಂದ ಇಷ್ಟು ವರ್ಷ ಯಾರಿಗೂ ಕಾಣಲಿಲ್ಲ. ಎರಡು ಗಾಡಿ ಸೇರಿ ಒಂದಾಗಲಿಲ್ಲ. ಟೀಚರಮ್ಮ ಇನ್ನು ಕೋಲು ಹಿಡಿದೇ ನಡೆಯಬೇಕಂತೆ, ಗಾಡಿ ಓಡಿಸುವ ಮಾತೇ ಇಲ್ಲ. ಭಾಗಗಳನ್ನು ಬೇಕಾದವರು ಒಯ್ಯಲಿ ಅಂತ ಅಪ್ಪನೇ ಹೇಳಿ ಆ ಫೋಟೋ ಹಾಕಿಸಿದ್ದು. ನಿನ್ನ ಕಣ್ಣಿಗೆ ಬೀಳುತ್ತದೆ ಅಂತ ಅವರಿಗೆ ಹೊಳೆಯಲಿಲ್ಲ.

ಬಳಗವೂ ಈಗ ಹೆಸರಿಗೆ. ಬೇಕರಿ ಚಿಕ್ಕಪ್ಪ ಬ್ರೆಡ್ಡಿಗೆ ಹೊಸ ವ್ಯಾನ್ ತಂದಿದ್ದಾರೆ, ಕೆನೆಬಣ್ಣದ ಗಾಡಿ ಟಾರ್ಪಾಲಿನ ಕೆಳಗಿದೆ. ಭಾನುವಾರ ಮಾವ ಮತ್ತು ಇನ್ನೊಬ್ಬಿಬ್ಬರು ಬಂದು ಕೂತು, ಚಹಾ ಕುಡಿದು, ಎದ್ದು ಹೋಗುತ್ತಾರೆ. ಅಪ್ಪ ಹೋಗುವುದಿಲ್ಲ. ಕಿಟಕಿಯ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂರುತ್ತಾರೆ. ರಸ್ತೆಯಲ್ಲಿ ಗಾಡಿ ಹೋದರೆ, ಇದರ ಮೂರನೇ ಪ್ಲಗ್ ಸತ್ತಿದೆ ಅನ್ನುತ್ತಾರೆ. ಮೊದಮೊದಲು ಎದ್ದು ಹೋಗಿ ಆ ಡ್ರೈವರಿಗೆ ಹೇಳುತ್ತಿದ್ದರು. ಈಗ ಮಾತು ಸ್ವಲ್ಪ ತೊದಲುತ್ತದೆ, ಅದಕ್ಕೆ ನನಗೆ ಮಾತ್ರ ಹೇಳುತ್ತಾರೆ. ಮೊನ್ನೆ ಸ್ನಾನದ ಮನೆಯಲ್ಲಿ ಬಿದ್ದರು, ಪೆಟ್ಟೇನೂ ಆಗಲಿಲ್ಲ. ಒಂದೊಂದು ದಿನ ಕಾರಣವಿಲ್ಲದೆ ನನ್ನ ಮೇಲೆ ರೇಗುತ್ತಾರೆ, ತಟ್ಟೆ ತಳ್ಳುತ್ತಾರೆ. ಅದೂ ಕಾಯಿಲೆಯೇ ಅಂತ ಡಾಕ್ಟರು ಹೇಳಿದ್ದಾರೆ. ಕಾಯಿಲೆ ಯಾವುದು, ಅವರು ಯಾವುದು ಅಂತ ಇನ್ನು ಮುಂದೆ ನನಗೂ ಬಿಡಿಸಿ ಹೇಳಲಾಗದೇನೋ.

ಗಾಡಿ ಹೋಯಿತು ಅಂತ ಅಳು. ನಾನೂ ಅತ್ತಿದ್ದೇನೆ. ಆದರೆ ಅವರ ಮೇಲೆ ಸಿಟ್ಟು ಇಟ್ಟುಕೋಬೇಡ. ಊಟ ತಿಂಡಿ ಸರಿಯಾಗಿ ಮಾಡು. ಸಲೂನಿನಲ್ಲಿ ದಿನವಿಡೀ ನಿಂತೇ ಇರಬೇಡ, ಗಿರಾಕಿ ಇಲ್ಲದಾಗ ಕೂರು.

ಇಂತಿ,
ನಿನ್ನ ಅಮ್ಮ

ಮತ್ತೆ ಕೆಲವು ಮಾತು:

ಒಂದು ವಿಷಯ ಮರೆತಿದ್ದೆ ಅಂತ ಬರೆಯಲು ಹೊರಟಿದ್ದೆ. ಮರೆತಿರಲಿಲ್ಲ. ಕಾಗದ ಮಡಚಿ, ಲಕೋಟೆಗೆ ಹಾಕಿ, ಅಂಟಿಸಲಾರದೆ ಮತ್ತೆ ತೆಗೆದಿದ್ದೇನೆ.

ಈ ಕಾಯಿಲೆ ಅಪ್ಪನಿಗೆ ಅವರ ಅಮ್ಮನಿಂದ ಬಂದದ್ದು. ನೀನು ನೋಡದ ನಿನ್ನ ಅಜ್ಜಿ. ಆಕೆ ತೂರಾಡುತ್ತ ನಡೆಯುತ್ತಿದ್ದಳಂತೆ, ಕುಡುಕಿ ಅಂತಲೇ ಬೀದಿಯವರೆಲ್ಲ ನಂಬಿದ್ದರು. ಅಪ್ಪನೂ ಅದನ್ನೇ ನಂಬಿ ಆಕೆಯ ಮೇಲೆ ಕೋಪದಲ್ಲೇ ಬೆಳೆದರು. ತಂದೆಯಲ್ಲೋ ತಾಯಿಯಲ್ಲೋ ಇದ್ದರೆ ಮಕ್ಕಳಿಗೆ ಬರಬಹುದು, ಬಾರದೆಯೂ ಇರಬಹುದು. ನಾಣ್ಯ ಚಿಮ್ಮಿದ ಹಾಗೆ ಅಂದರು ಡಾಕ್ಟರು. ನಿನ್ನನ್ನೂ ಕರೆಸಿ ಮಾತಾಡಬೇಕು ಅಂದರು. ನಿನಗೆ ತಿಳಿಸಬಾರದು ಅಂತ ಅಪ್ಪ ನನ್ನಿಂದ ಮಾತು ತೆಗೆದುಕೊಂಡಿದ್ದರು.

ಹೋದ ವಾರ ನೀನು ಫೋನು ಮಾಡಿ, ಅಮ್ಮ ನೀನು ಅಜ್ಜಿಯಾಗ್ತಿದೀಯ ಅಂದಾಗ ನಾನು ಸುಮ್ಮನಾದೆ. ಲೈನು ಕಟ್ಟಾಯಿತು ಅಂತ ನೀನು ಹಲೋ ಹಲೋ ಅನ್ನುತ್ತಿದ್ದೆ. ಲೈನು ಚೆನ್ನಾಗಿಯೇ ಇತ್ತು ಕಂದ.

ನಿನಗೆ ಬಂದಿದೆಯೋ ಇಲ್ಲವೋ ಅಂತ ರಕ್ತ ಪರೀಕ್ಷೆ ಮಾಡಿಸಲೇಬೇಕು ಅಂತೇನೂ ಇಲ್ಲವಂತೆ. ತಿಳಿಯುವುದೇ ಬೇಡ ಅನ್ನುವವರೂ ಇದ್ದಾರಂತೆ. ಹಾಗಿದ್ದರೂ ಅದನ್ನು ನೀನೇ ತೀರ್ಮಾನ ಮಾಡಬೇಕು. ನಿನ್ನ ಪರವಾಗಿ ನಾನು ಮುಚ್ಚಿಟ್ಟು ತೀರ್ಮಾನ ಮಾಡಬಾರದು. ನಿನ್ನ ಸುದ್ದಿ ಕೇಳಿದ ಮೇಲೆ ಡಾಕ್ಟರನ್ನು ಮತ್ತೆ ವಿಚಾರಿಸಿದೆ, ಮಾಡಿಸುವುದಾದರೆ ಬೇಗ ಬರಬೇಕು ಅಂದರು, ಮಗುವಿನ ವಿಷಯಕ್ಕೂ. ಅಳಿಯನನ್ನೂ ಕರೆದುಕೊಂಡು ಬಾ. ಬಸ್ಸಿನ ಹತ್ತಿರ ನಾನೇ ಬಂದು ನಿಂತಿರುತ್ತೇನೆ.

ನೀನು ಸಲೂನಿನಲ್ಲಿರುವಾಗಲೇ ವಿಡಿಯೋ ಕಾಲ್ ಮಾಡು ಅಂತ ಅಪ್ಪ ಹಟ ಮಾಡುತ್ತಾರಲ್ಲ, ಕೂದಲು ಹೇಗೆ ಕತ್ತರಿಸ್ತೀಯ ತೋರಿಸು ಅಂತಾರಲ್ಲ. ಅವರು ನೋಡುವುದು ನಿನ್ನ ಕೈಯನ್ನು. ಕಾಲ್ ಮುಗಿದ ಮೇಲೆ ನನ್ನ ಕಡೆ ತಿರುಗಿ, ಅಲುಗಾಡ್ತಿಲ್ಲ, ನಿಂತಿದೆ ಅನ್ನುತ್ತಾರೆ, ಅಷ್ಟೇ. ಮನೆಗೆ ಬಂದಾಗ ಅವರ ಎದುರಿಗೇ ಕೂತುಕೋ. ಕೈ ಮೇಜಿನ ಮೇಲೆ ಇಡು.